ಭಾನುವಾರದ ತೂಕ: ಒಂದು ಪ್ರಕರಣ

ಈ ಹುಡುಗನನ್ನು ಪ್ರಜು ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರು, ಮನೆಯವರ ಕೆಲಸ, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಬ್ರಹ್ಮಾವರ ಕಡೆಯವನು. ಆಗ 11 ವರ್ಷ, ಆರನೇ ಕ್ಲಾಸು. ಅಪ್ಪ ಕತಾರ್‌ನಲ್ಲಿ. ಅಮ್ಮ ಮತ್ತು ಮಗ ಇದ್ದದ್ದು ಅಮ್ಮನ ತಾಯಿ ಮನೆಯಲ್ಲಿ. ಅಲ್ಲಿ ಅಜ್ಜಿ, ಅಮ್ಮನ ಅಣ್ಣ, ಅತ್ತೆ, ಅವರ ಆರು ವರ್ಷದ ಮಗಳು. ಮಾಮನಿಗೆ ತೆಂಗಿನಕಾಯಿ, ಅಡಿಕೆ ವ್ಯಾಪಾರ. ಅಪ್ಪ ಗಲ್ಫ್‌ನಲ್ಲಿರುವ ಎಷ್ಟೋ ಮನೆಗಳು ನಮ್ಮ ಕಡೆ ಹೀಗೇ ನಡೆಯುತ್ತವೆ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಕಟ್ಟು ಈಗ ಮೊದಲಿನ ಹಾಗೆ ಇಲ್ಲ. ಆದರೆ ಸೋದರಮಾವ ಹೇಳಿದ ಮೇಲೆ ಆಯಿತು, ಎದುರು ಮಾತಿಲ್ಲ ಎನ್ನುವ ಮನೆಗಳು ಇನ್ನೂ ಇವೆ.

ಉಡುಪಿಯ ನನ್ನ ಕ್ಲಿನಿಕ್ಕಿಗೆ ಅಮ್ಮ ಕರೆದುಕೊಂಡು ಬಂದದ್ದು ತೂಕ ಇಳಿಸಲು. "ಡಾಕ್ಟ್ರೆ, ಇವನದ್ದು ತಿನ್ನುದು ನಿಲ್ಲುದೇ ಇಲ್ಲ. ಥೈರಾಯ್ಡ್ ಉಂಟಾ ಅಂತ ಒಮ್ಮೆ ನೋಡಿ." ಹುಡುಗ ಸ್ಕೂಲ್ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅವತ್ತು ಶಾಲೆಗೆ ರಜೆ. ಬ್ಯಾಗ್ ಯಾಕೆ ತಂದಿದ್ದಾನೆ ಎಂದು ನಾನು ಕೇಳಲಿಲ್ಲ. ಹೊಟ್ಟೆ ಮುಚ್ಚಿಕೊಳ್ಳಲು ತಂದದ್ದು ಎಂದು ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು.

ಎತ್ತರ 142 ಸೆಂಟಿಮೀಟರ್, ತೂಕ 58 ಕೆ.ಜಿ. ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಬಿಎಂಐ 28.8. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಚಾರ್ಟಿನಲ್ಲಿ ಬೊಜ್ಜಿನ ಗೆರೆಯಿಂದ ಎಷ್ಟೋ ಮೇಲೆ. ಥೈರಾಯ್ಡ್ ಪರೀಕ್ಷೆ ಬರೆದೆ. ಮಾಮೂಲಿ ಬರುತ್ತದೆ ಎಂದು ಮೊದಲೇ ಗೊತ್ತಿತ್ತು. ಥೈರಾಯ್ಡ್ ಕಡಿಮೆ ಇರುವ ಮಗು ಸಾಮಾನ್ಯವಾಗಿ ಎತ್ತರದಲ್ಲೂ ಹಿಂದೆ ಬೀಳುತ್ತದೆ. ಈ ಹುಡುಗ ಎತ್ತರ ಸರಿಯಾಗೇ ಬೆಳೆಯುತ್ತಿದ್ದ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9 ಬಂತು. 6.5 ಮುಟ್ಟಿದರೆ ಡಯಾಬಿಟಿಸ್ ಎನ್ನುತ್ತೇವೆ. 5.7ರಿಂದ 6.4 ಎಂದರೆ ಬಾಗಿಲ ಹತ್ತಿರ ಬಂದ ಹಾಗೆ. ಸ್ಕ್ಯಾನಿಂಗ್‌ನಲ್ಲಿ ಲಿವರ್‌ಗೆ ಕೊಬ್ಬು.

ಹೊರಗೆ ಜ್ವರದ ಮಕ್ಕಳ ಸಾಲು. ಒಂದು ಡಯಟ್ ಚಾರ್ಟ್ ಬರೆದು ಕೊಟ್ಟೆ. ಬೆಳಿಗ್ಗೆ ಎರಡು ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಒಂದು ಸೌಟು, ಬೇಕರಿ ಬಂದ್. ಕೊನೆಯ ಎರಡು ಸಾಲು ನನಗೆ ಈಗಲೂ ಬಾಯಿಪಾಠ. "ರಾತ್ರಿ ಊಟ ಹಗುರವಾಗಿರಲಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ." ಕೆಳಗೆ ನನ್ನ ಸಹಿ. ಎಲ್ಲ ಸೇರಿ ಎಂಟು ಹತ್ತು ನಿಮಿಷ ಆಗಿರಬಹುದು. ಅಷ್ಟು ಹೊತ್ತಿನಲ್ಲಿ ನಾನು ಹುಡುಗನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದೆ: "ಚಿಪ್ಸ್ ತಿಂತೀಯಾ?"

ಎರಡನೇ ಭೇಟಿ

ಮೂರು ತಿಂಗಳು ಬಿಟ್ಟು ಬಂದಾಗ ತೂಕ 61.5. ಅಮ್ಮ ನಾಚಿಕೆಯಿಂದ ತಲೆ ತಗ್ಗಿಸಿದ್ದರು. ಚಾರ್ಟ್ ಒಂದು ದಿನವೂ ತಪ್ಪಿಸಿಲ್ಲ ಎಂದರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರಂತೆ. ಮಾಮ ದಿನಾ ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಾರಂತೆ.

"ಮತ್ತೆ ಡಾಕ್ಟ್ರೆ, ಈ ಕುತ್ತಿಗೆ ನೋಡಿ. ಎಷ್ಟು ತಿಕ್ಕಿದ್ರೂ ಕೊಳೆ ಹೋಗುದಿಲ್ಲ."

ಕಾಲರ್ ಸರಿಸಿದೆ. ಕುತ್ತಿಗೆಯ ಹಿಂದೆ ಕಪ್ಪಗೆ, ವೆಲ್ವೆಟ್ ಬಟ್ಟೆಯ ಹಾಗೆ ದಪ್ಪ ಚರ್ಮ. ಅದರ ಮೇಲೆ ಅಲ್ಲಲ್ಲಿ ಹಸಿ ಗೀರು. ತೆಂಗಿನ ನಾರು ಹಾಕಿ ತಿಕ್ಕಿದ್ದರು. ಒಂದೆರಡು ಕಡೆ ಚರ್ಮ ಕಿತ್ತು ಬಂದಿತ್ತು.

ಇದು ಕೊಳೆ ಅಲ್ಲ. ತೂಕ ಜಾಸ್ತಿ ಇರುವವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹೋದಾಗ ದೇಹ ಇನ್ನೂ ಇನ್ನೂ ಇನ್ಸುಲಿನ್ ಮಾಡುತ್ತದೆ. ಆ ಹೆಚ್ಚಾದ ಇನ್ಸುಲಿನ್‌ನಿಂದ ಕುತ್ತಿಗೆ, ಕಂಕುಳಿನ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಸೋಪಿನಿಂದ ಹೋಗುವಂಥದ್ದಲ್ಲ. ಇದನ್ನು ಅಮ್ಮನಿಗೆ ಹೇಳುತ್ತಿದ್ದೆ. ಪ್ರಜು ಮೊದಲ ಸಲ ನನ್ನ ಮುಖ ನೋಡಿದ.

"ಕೊಳೆ ಅಲ್ವಾ?"

"ಅಲ್ಲ ಮಾರಾಯ. ನೀನು ಎಷ್ಟು ಸ್ನಾನ ಮಾಡಿದ್ರೂ ಅದು ಇರ್ತದೆ."

ಅವನು ಅಮ್ಮನ ಕಡೆ ತಿರುಗಿದ. ಏನೂ ಹೇಳಲಿಲ್ಲ. ಶಾಲೆಯಲ್ಲಿ ಅವನ ಪಕ್ಕ ಕೂರಲು ಹುಡುಗರು ಒಪ್ಪುತ್ತಿರಲಿಲ್ಲ, "ಮೀಯುದಿಲ್ಲ ಇವ" ಎನ್ನುತ್ತಿದ್ದರು ಎಂಬುದು ಆಮೇಲೆ ತಿಳಿದದ್ದು.

ಬಿ.ಪಿ. ನೋಡೋಣ ಎಂದು ಅವನ ತಲೆಯ ಮೇಲಿನ ಕಪಾಟಿಗೆ ಕೈ ಎತ್ತಿದೆ. ಹುಡುಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಬಗ್ಗಿದ. ಬ್ಯಾಗ್ ನೆಲಕ್ಕೆ ಬಿತ್ತು. ಒಂದು ಕ್ಷಣ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಅಮ್ಮ ಬೇಗ ಬೇಗ "ಎಂತದ ನೀನು, ಡಾಕ್ಟ್ರು ಹೊಡಿತಾರಾ?" ಎಂದು ನಗಲು ನೋಡಿದರು. ನಗು ಬರಲಿಲ್ಲ.

ಪ್ಯಾಂಟ್ ಮೊಣಕಾಲಿನವರೆಗೆ ಮಡಚಿಸಿದೆ. ಮೀನಖಂಡದ ಮೇಲೆ ಜೋಡಿ ಜೋಡಿ ಗೆರೆ. ಕೆಲವು ಹಳದಿಗೆ ತಿರುಗಿದ್ದವು, ಎರಡು ಇನ್ನೂ ಕೆಂಪು. ಬೆತ್ತದ ಪೆಟ್ಟು ಹೀಗೇ ಬೀಳುತ್ತದೆ. ಬಡಿದ ಜಾಗ ಬಿಳಿಚಿಕೊಂಡು ಎರಡೂ ಅಂಚಿನಲ್ಲಿ ರಕ್ತ ನಿಲ್ಲುತ್ತದೆ. ಬಿದ್ದರೆ, ತರಚಿದರೆ ಜೋಡಿ ಗೆರೆ ಬರುವುದಿಲ್ಲ.

ಅಮ್ಮನನ್ನು ಹೊರಗೆ ಕೂರಲು ಹೇಳಿದೆ. ಸಿಸ್ಟರ್ ಒಳಗೇ ಇದ್ದರು. ಇಂಥ ಹೊತ್ತಲ್ಲಿ "ಮಾಮ ಹೊಡಿತಾರಾ?" ಎಂದು ನೇರ ಕೇಳಬಾರದು. ಉತ್ತರ ನಾವೇ ಬಾಯಿಗೆ ಇಟ್ಟ ಹಾಗೆ ಆಗುತ್ತದೆ. "ಭಾನುವಾರ ನಿಮ್ಮ ಮನೆಯಲ್ಲಿ ಎಂತೆಲ್ಲ ಆಗ್ತದೆ, ಬೆಳಿಗ್ಗೆಯಿಂದ ಹೇಳು ನೋಡುವ" ಎಂದೆ. ಭಾನುವಾರ ಎಂದು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ರಜೆಯ ದಿನ ಎಂದಷ್ಟೇ ಎಣಿಸಿದ್ದೆ.

ಭಾನುವಾರ ಬೆಳಿಗ್ಗೆ ಮಾಮ ಅವನನ್ನು ಗೋಡೌನಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅಡಿಕೆ ಮೂಟೆ ತೂಗುವ ದೊಡ್ಡ ಮೆಷಿನ್ ಇದೆ. ಬನಿಯನ್, ಚಡ್ಡಿಯಲ್ಲಿ ಅದರ ಮೇಲೆ ನಿಲ್ಲಬೇಕು. ಕೆಲಸದವರು ನೋಡುತ್ತಾರೆ. ಮಾಮ ತೂಕವನ್ನು ಜೋರಾಗಿ ಓದಿ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಹೋದ ವಾರಕ್ಕಿಂತ ಜಾಸ್ತಿ ಇದ್ದರೆ ಬೆತ್ತ. ರಾತ್ರಿ ಊಟ ಇಲ್ಲ. "ಡಾಕ್ಟ್ರು ಬರ್ದಿದ್ದಾರೆ, ರಾತ್ರಿ ಹಗುರ ಅಂತ."

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ನನ್ನದೇ ಅಕ್ಷರ.

ಪೆಟ್ಟು ಅದಕ್ಕೂ ಮೊದಲೇ ಇತ್ತು ಎನ್ನುವುದು ನಿಜ. ಬೈಗುಳವೂ ಇತ್ತು. ಊಟಕ್ಕೆ ಕೂತರೆ "ಬಕಾಸುರನಿಗೆ ಬಂಡಿ ಅನ್ನ ತನ್ನಿ" ಎಂದು ಮಾಮ ಯಕ್ಷಗಾನದ ಭಾಗವತರ ಧಾಟಿಯಲ್ಲಿ ಹೇಳುವುದು, ಎಲ್ಲರೂ ನಗುವುದು, ಅಮ್ಮನೂ. ಆದರೆ ಅದಕ್ಕೊಂದು ವಾರ, ಒಂದು ಯಂತ್ರ, ಒಂದು ಪುಸ್ತಕ ಸಿಕ್ಕಿದ್ದು ನನ್ನ ಚೀಟಿ ಬಂದ ಮೇಲೆ.

ಹುಡುಗನಲ್ಲಿ ಕಂಡದ್ದು

ಅಮ್ಮ, ಅಜ್ಜಿ, ಕ್ಲಾಸ್ ಟೀಚರ್, ಹುಡುಗ, ಎಲ್ಲರ ಹತ್ತಿರ ಮಾತಾಡಿದ ಮೇಲೆ ಚಿತ್ರ ಹೀಗೆ ಬಂತು.

ಒಂದು ವರ್ಷದಿಂದ ರಾತ್ರಿ ಹಾಸಿಗೆ ಒದ್ದೆ. ನಾಲ್ಕನೇ ವರ್ಷಕ್ಕೇ ನಿಂತದ್ದು ಮತ್ತೆ ಶುರುವಾಗಿತ್ತು. ಶನಿವಾರ ರಾತ್ರಿ ಹೊಟ್ಟೆನೋವು. ಅಜ್ಜಿಯ ಎಲೆಯಡಿಕೆ ಸಂಚಿಯಿಂದ ಹತ್ತು, ಇಪ್ಪತ್ತು ರೂಪಾಯಿ ಕಾಣೆ. ಹಳೇ ಟ್ರಂಕಿನಲ್ಲಿ ಬಿಸ್ಕಿಟ್ ಪ್ಯಾಕೆಟಿನ ಖಾಲಿ ಕವರುಗಳು, ಚಿಕ್ಕದಾಗಿ ಮಡಚಿ ಪುಸ್ತಕದ ನಡುವೆ ಒತ್ತಿ ಇಟ್ಟದ್ದು. ಪಿ.ಟಿ. ಪಿರಿಯಡ್ ಇದ್ದ ದಿನ ಜ್ವರ. ಶಾಲೆಯಲ್ಲಿ ಮಾತ್ರ ದೊಡ್ಡ ಜೋಕರ್. ತನ್ನ ಹೊಟ್ಟೆಯನ್ನೇ ಚೆಂಡೆ ಹಾಗೆ ಬಡಿದು ನಗಿಸುತ್ತಿದ್ದ. ಟೀಚರ್ ಹೇಳಿದ್ದು, "ಅವನಿಗೆ ಬೇಜಾರೇ ಇಲ್ಲ ಸರ್, ತುಂಬಾ ಜಾಲಿ." ಅದೇ ಹುಡುಗ ಒಂದು ದಿನ ಹಿಂದಿನ ಬೆಂಚಿನವನ ಕೈಗೆ ಹಲ್ಲು ಮೂಡುವ ಹಾಗೆ ಕಚ್ಚಿದ್ದ. ಕಾರಣ ಹೇಳಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಆರು ವರ್ಷದ ಮಾಮನ ಮಗಳನ್ನು ಅವನು ಬಚ್ಚಲಿನ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದ. ಅದು ತೂಕದ ಮೆಷಿನ್. ಒಂದು ನಂಬರ್ ಹೇಳಿ ಸ್ಕೇಲಿನಲ್ಲಿ ಅವಳ ಕಾಲಿಗೆ ಹೊಡೆಯುತ್ತಿದ್ದ. ಅವಳು ಕೂಗಿದಾಗ ಮನೆಯವರಿಗೆ ಗೊತ್ತಾಯಿತು, ಅವನಿಗೆ ಮತ್ತೆ ಪೆಟ್ಟು. "ರೌಡಿ ಆಗ್ತಿದ್ದಾನೆ" ಎಂದು ಅಮ್ಮ ಅತ್ತರು. ತಾನು ತಿಂದ ಪೆಟ್ಟನ್ನು ಹುಡುಗ ಆಡಿ ತೋರಿಸುತ್ತಿದ್ದಾನೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಇನ್ನು ತಿನ್ನುವ ರೀತಿ. ಮಾಮನ ಬುಲೆಟ್ ರಸ್ತೆಯ ತಿರುವಿನಲ್ಲಿ ಕೇಳಿಸಿದರೆ ಅಂಗಳಕ್ಕೆ ಬರಲು ಎರಡು ನಿಮಿಷ. "ಆ ಎರಡು ನಿಮಿಷದಲ್ಲಿ ಮೂರು ಬನ್ಸ್ ತಿನ್ಬಹುದು" ಎಂದ. ಅಗಿಯುವುದಿಲ್ಲ, ನೀರು ಕುಡಿದು ನುಂಗುತ್ತಾನೆ. ಹಸಿವಾಗಿರುತ್ತದಾ ಎಂದು ಕೇಳಿದೆ. ಸ್ವಲ್ಪ ಯೋಚನೆ ಮಾಡಿದ. "ಗೊತ್ತಿಲ್ಲ. ಶಬ್ದ ಕೇಳಿದ್ರೆ ತಿನ್ಬೇಕು ಅಂತ ಆಗ್ತದೆ." ಆಮೇಲೆ ತಾನಾಗಿಯೇ ಸೇರಿಸಿದ, "ದಪ್ಪ ಇದ್ರೆ ಪೆಟ್ಟು ಒಳಗೆ ಹೋಗುದಿಲ್ಲ."

ಮಗುವಿನ ಮನಸ್ಸಿಗೆ ಎಷ್ಟು ಕಷ್ಟ ಇದೆ ಎಂದು ಅಳೆಯಲು 25 ಪ್ರಶ್ನೆಗಳ ಒಂದು ಹಾಳೆ ಬಳಸುತ್ತೇವೆ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು. ಒಟ್ಟು 40ಕ್ಕೆ ಅಂಕ. ಮನೆಯವರ ಹಾಳೆಯಲ್ಲಿ 17, ಟೀಚರ್ ಹಾಳೆಯಲ್ಲಿ 16 ಮುಟ್ಟಿದರೆ ಚಿಂತೆಯ ಮಟ್ಟ. ಅಮ್ಮನದ್ದು 24, ಟೀಚರದ್ದು 19. 11 ವರ್ಷ ಆದ ಮಕ್ಕಳೇ ತುಂಬುವ ಹಾಳೆಯೂ ಇದೆ. ಒಬ್ಬನಾದರೂ ಒಳ್ಳೆ ಫ್ರೆಂಡ್ ಇದ್ದಾನಾ ಎನ್ನುವ ಸಾಲಿನ ಮುಂದೆ ಪ್ರಜು "ಇಲ್ಲ" ಎಂಬಲ್ಲಿ ಗುರುತು ಹಾಕಿ, ಅಳಿಸಿ, ಮತ್ತೆ ಅಲ್ಲೇ ಹಾಕಿದ್ದ.

ಸಾಯುವ ಯೋಚನೆ ಬರುತ್ತದಾ ಎಂದೂ ಕೇಳಿದೆ. ಕೇಳಿದರೆ ಮಗುವಿನ ತಲೆಗೆ ಅದನ್ನು ನಾವೇ ಹಾಕಿದಂತೆ ಎಂದು ಹಲವರು ಹೆದರುತ್ತಾರೆ. ಹಾಗಿಲ್ಲ, ಕೇಳಬೇಕು. ಅವನು ಹೇಳಿದ್ದು, "ಸಾಯುದು ಅಲ್ಲ. ಭಾನುವಾರ ಮಾತ್ರ ಇಲ್ಲದೆ ಹೋದ್ರೆ ಸಾಕು." ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದ್ದಾರಾ ಎಂದೂ ವಿಚಾರಿಸಿದೆ. ಹಾಗೇನೂ ಇರಲಿಲ್ಲ. ಇದ್ದಿದ್ದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಸುಮ್ಮನಿದ್ದರೆ ನನಗೇ ಶಿಕ್ಷೆ.

ಪೆಟ್ಟು ತಿಂದರೆ ತೂಕ ಏರುವುದು ಹೇಗೆ

ಈ ಪ್ರಶ್ನೆ ಆಮೇಲೆ ಮಾಮನೇ ಕೇಳಿದ್ದು. "ಊಟ ಕಮ್ಮಿ ಮಾಡಿದ್ದೇನೆ, ಮತ್ತೆ ಹೇಗೆ ಏರುದು?" ನ್ಯಾಯವಾದ ಪ್ರಶ್ನೆ.

ಹೆದರಿಕೆ ದಿನಾ ಇದ್ದರೆ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ. ಅದು ಹಸಿವು ಏರಿಸುತ್ತದೆ, ಅದರಲ್ಲೂ ಸಿಹಿಗೆ, ಎಣ್ಣೆ ತಿಂಡಿಗೆ ಮನಸ್ಸು ಎಳೆಯುತ್ತದೆ. ಹೊಟ್ಟೆಯ ಭಾಗದಲ್ಲಿ ಕೊಬ್ಬು ಕೂರಿಸುತ್ತದೆ, ಇನ್ಸುಲಿನ್ ಕೆಲಸ ಕೆಡಿಸುತ್ತದೆ. ನಿದ್ದೆ ಕಡಿಮೆಯಾದರೆ ಹಸಿವಿನ ಹಾರ್ಮೋನ್ ಮತ್ತೂ ಜಾಸ್ತಿ. ಪ್ರಜು ರಾತ್ರಿ ಗೊರಕೆ ಹೊಡೆಯುತ್ತಿದ್ದ, ನಡುನಡುವೆ ಉಸಿರು ಕಟ್ಟಿ ಎಚ್ಚರ ಆಗುತ್ತಿದ್ದ. ಹಗಲು ಕ್ಲಾಸಿನಲ್ಲಿ ತೂಕಡಿಕೆ. ಅದಕ್ಕೆ ಸಿಕ್ಕ ಹೆಸರು ಸೋಮಾರಿ. ಇನ್ನು ರಾತ್ರಿ ಉಪವಾಸ ಬಿದ್ದ ಮಗು ಮರುದಿನ ಸಿಕ್ಕಿದ್ದನ್ನು ಸಿಕ್ಕಷ್ಟು ತಿನ್ನುತ್ತದೆ. ಬೀಗ ಹಾಕಿದ ಫ್ರಿಜ್ಜಿನಿಂದ ಮಗು ಕಲಿಯುವುದು ಕದಿಯುವುದನ್ನು.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಬೊಜ್ಜಿನ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದಾಗ ಹಲವರು ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದವರು ಎಂದು ತಿಳಿಯಿತು. ಅಂಥವರಲ್ಲಿ ಕೆಲವರಿಗೆ ದಪ್ಪ ದೇಹವೇ ಒಂದು ರಕ್ಷಣೆಯಾಗಿತ್ತು. ಆಮೇಲೆ ರಾಬರ್ಟ್ ಆಂಡಾ ಎಂಬ ಇನ್ನೊಬ್ಬ ವೈದ್ಯರ ಜೊತೆ ಸೇರಿ 17,000ಕ್ಕೂ ಜಾಸ್ತಿ ಜನರನ್ನು ವಿಚಾರಿಸಿದರು. ಬಾಲ್ಯದ ಕಷ್ಟ ಹೆಚ್ಚಿದಷ್ಟು ದೊಡ್ಡವರಾದ ಮೇಲೆ ಕಾಯಿಲೆ ಹೆಚ್ಚು ಎಂಬ ಆ ಅಧ್ಯಯನದ ಮೊದಲ ವರದಿ 1998ರಲ್ಲಿ ಬಂತು. ಓದಿದ್ದೆ ನಾನು ಇದನ್ನು. ಪರೀಕ್ಷೆಗೂ ಬರೆದಿದ್ದೆ. ಬ್ಯಾಗ್ ಅಪ್ಪಿಕೊಂಡು ಕೂತ ಹುಡುಗ ಎದುರಿಗೆ ಬಂದಾಗ ನೆನಪಾಗಲಿಲ್ಲ.

ತಿಳಿಸಿದ್ದು, ಆಮೇಲೆ ನಡೆದದ್ದು

"ಯಾರಿಗೂ ಹೇಳುದಿಲ್ಲ ಅಲ್ವಾ?" ಎಂದು ಪ್ರಜು ಕೇಳಿದ. ಹೇಳುವುದಿಲ್ಲ ಎಂದು ನಾನು ಭಾಷೆ ಕೊಡಲಿಲ್ಲ. "ನಿನ್ನನ್ನು ಕಾಪಾಡುವವರಿಗೆ ಹೇಳ್ಬೇಕಾಗ್ತದೆ. ಯಾರಿಗೆ ಹೇಳಿದೆ ಅಂತ ನಿನಗೆ ಮೊದಲು ಹೇಳ್ತೇನೆ" ಎಂದೆ. ಅವನ ಮುಂದಿನ ಪ್ರಶ್ನೆ, "ಮಾಮನನ್ನು ಪೊಲೀಸ್ ಹಿಡಿದ್ರೆ ನಮ್ಮನ್ನು ಯಾರು ನೋಡುದು?"

ಅಮ್ಮನಿಗೂ ಅದೇ ಹೆದರಿಕೆ. ಅವರು ಮೊದಲು ಸಿಟ್ಟಾದರು. ಮನೆ ವಿಷಯ ಹೊರಗೆ ಹಾಕುತ್ತೀರಾ ಎಂದರು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದು, "ಹೊಡೆದ್ರೆ ಸರಿಯಾಗ್ತಾನೆ ಅಂತ ನಾನೂ ಎಣಿಸಿದ್ದೆ" ಎಂದರು.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಹೋದರು, ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಯಿತು. ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರ ಸಮಿತಿ ಅದು. ಮಗುವನ್ನು ನೋಡಿಕೊಳ್ಳುವವರೇ ಹೊಡೆದು ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಎರಡೂ ಆಗಬಹುದು. ಮಾಮನಿಗೆ ಇದು ಗೊತ್ತಾದ ದಿನ ಮುಖ ಕಪ್ಪಿಟ್ಟಿತು. ಜೈಲಿನವರೆಗೆ ಹೋಗಲಿಲ್ಲ. ಅಪ್ಪ ರಜೆ ಹಾಕಿ ಬಂದರು. ಅಮ್ಮ ಮತ್ತು ಮಗ ಕಾಪು ಕಡೆಯ ಅಪ್ಪನ ಮನೆಗೆ ಹೋದರು, ಅಲ್ಲಿ ಅಜ್ಜ ಒಬ್ಬರೇ ಇದ್ದರು. ಹುಡುಗನನ್ನು ಒಂಟಿಯಾಗಿ ಕರೆದುಕೊಂಡು ಹೋಗುವುದಿಲ್ಲ, ಕೈ ಎತ್ತುವುದಿಲ್ಲ ಎಂದು ಮಾಮ ಬರೆದು ಕೊಟ್ಟರು.

ಮಾಮನ ಬಗ್ಗೆ ಒಂದು ಮಾತು. ನಾನು ರಾಕ್ಷಸನನ್ನು ನೋಡುವೆ ಎಂದುಕೊಂಡಿದ್ದೆ. ಬಂದದ್ದು ಅಳುವ ಗಂಡಸು. ಅವರ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿದ್ದರು. ಆ ಕಾಲಿನ ಡ್ರೆಸ್ಸಿಂಗ್ ಎರಡು ವರ್ಷ ಮಾಡಿದ್ದು ಇವರೇ. ಚಿಕ್ಕಂದಿನಲ್ಲಿ ಇವರೂ ದಪ್ಪ. ಕಬಡ್ಡಿಗೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. "ನನ್ನ ಅಪ್ಪ ಹೊಡೆದೇ ನನ್ನನ್ನು ತೆಳು ಮಾಡಿದ್ದು" ಎಂದರು. ಇದರಿಂದ ಬೆತ್ತದ ಗೆರೆ ಮಾಯುವುದಿಲ್ಲ. ಆದರೂ ಬರೆದಿಡಬೇಕು ಅನಿಸಿತು.

ಚಿಕಿತ್ಸೆಯಲ್ಲಿ ತೂಕವನ್ನು ಕೊನೆಗೆ ಹಾಕಿದೆವು. ಬೆಳೆಯುವ ಮಗುವಿಗೆ ತೂಕ ಇಳಿಯಲೇಬೇಕು ಎಂದಿಲ್ಲ. ಅದು ಇದ್ದಲ್ಲೇ ನಿಂತು ಎತ್ತರ ಏರಿದರೂ ಸಾಕು. ಹಳೇ ಚಾರ್ಟ್ ಹರಿದು ಹಾಕಿಸಿದೆ. ಮೂರು ಊಟ, ಸಂಜೆ ಒಂದು ತಿಂಡಿ, ಯಾವುದೂ ತಪ್ಪಬಾರದು, ಮನೆಯವರೆಲ್ಲರಿಗೂ ಒಂದೇ ಅಡಿಗೆ. ಏನು, ಯಾವಾಗ ಎಂದು ಅಮ್ಮ ನಿರ್ಧರಿಸುವುದು. ಎಷ್ಟು ಎಂದು ಹುಡುಗ. ಮನೆಯಲ್ಲಿ ತೂಕ ನೋಡುವಂತಿಲ್ಲ. ಕ್ಲಿನಿಕ್ಕಿನಲ್ಲಿ ಮೆಷಿನ್ನಿಗೆ ಬೆನ್ನು ಹಾಕಿ ನಿಲ್ಲುತ್ತಾನೆ, ಸಿಸ್ಟರ್ ಸದ್ದಿಲ್ಲದೆ ಬರೆದುಕೊಳ್ಳುತ್ತಾರೆ. ಗೊರಕೆಗೆ ಕಿವಿ, ಮೂಗು, ಗಂಟಲಿನ ಡಾಕ್ಟರು ಮೂಗಿನ ಹಿಂದೆ ಇರುವ ಅಡಿನಾಯ್ಡ್ ಗ್ರಂಥಿ ತೆಗೆದರು. ಶಾಲೆಯವರ ಹತ್ತಿರ ಮಾತಾಡಿದೆ. ಅಲ್ಲಿಯೂ ವರ್ಷಕ್ಕೊಮ್ಮೆ ತೂಕವನ್ನು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆತವನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂದಾಗ ಸ್ವಲ್ಪ ಮುನಿಸಿಕೊಂಡರು. ಆದರೆ ಮರುವರ್ಷ ಪರದೆ ಕಟ್ಟಿದರು.

ಮುಖ್ಯ ಕೆಲಸ ಮಾಡಿದ್ದು ಮಕ್ಕಳ ಆಪ್ತಸಮಾಲೋಚಕಿ. ವಾರಕ್ಕೊಮ್ಮೆ, ನಾಲ್ಕು ತಿಂಗಳು. ಹಸಿವು ಎಲ್ಲಿ ಆಗ್ತದೆ ಎಂದು ಮನುಷ್ಯನ ಚಿತ್ರದ ಮೇಲೆ ಬಣ್ಣ ಹಾಕಿಸಿದರು. ಪ್ರಜು ಹೊಟ್ಟೆ ಬಿಟ್ಟು ಎದೆಗೆ ಕೆಂಪು ಬಳಿದ. ಅಲ್ಲಿಂದ ಅವರ ಮನೆಯಲ್ಲಿ "ಹೊಟ್ಟೆ ಹಸಿವಾ, ಎದೆ ಹಸಿವಾ?" ಎಂಬ ಮಾತು ಶುರುವಾಯಿತು. ಎದೆ ಹಸಿವು ಎಂದರೆ ಅಮ್ಮ ಅವನ ಜೊತೆ ಜಗಲಿಯಲ್ಲಿ ಹತ್ತು ನಿಮಿಷ ಸುಮ್ನೆ ಕೂರಬೇಕು. ಅದಾದ ಮೇಲೂ ಬೇಕಿದ್ದರೆ ತಿನ್ನಬಹುದು. ಅಮ್ಮನಿಗೆ ಕಷ್ಟವಾದದ್ದು ಇದೇ. ಬೈಯದೆ, ಬುದ್ಧಿ ಹೇಳದೆ ಮಗನ ಪಕ್ಕ ಕೂತು ಅಭ್ಯಾಸ ಇರಲಿಲ್ಲ. ರಾತ್ರಿ ಹೊತ್ತು ತೀರಾ ಕಂಗಾಲಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಟ್ಟಿದ್ದೆ. ಎರಡು ಸಲ ಫೋನ್ ಮಾಡಿದ್ದಾರೆ. ಎರಡೂ ಸಲ ಮಗನಿಗಾಗಿ ಅಲ್ಲ, ತಮಗಾಗಿ.

ಹಾಸಿಗೆ ಒದ್ದೆ ಐದು ತಿಂಗಳಲ್ಲಿ ನಿಂತಿತು. ಹೊಟ್ಟೆನೋವು ಅದಕ್ಕೂ ಮೊದಲೇ. ಕದ್ದು ತಿನ್ನುವುದು ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಅಷ್ಟಮಿಗೆ ಮಾಮ ಮನೆಗೆ ಬಂದು ಹೋದ ವಾರ ದಿಂಬಿನ ಕೆಳಗೆ ಮತ್ತೆ ಕವರುಗಳು ಸಿಕ್ಕವು. ಬುಲೆಟ್ ಶಬ್ದಕ್ಕೆ ಈಗಲೂ ಬೆಚ್ಚುತ್ತಾನೆ, ಯಾರದ್ದೇ ಆಗಲಿ. ಮಾಮನ ಮಗಳ ಹತ್ತಿರ "ಸಾರಿ" ಹೇಳಿದ್ದಾನೆ. ಅವಳು ಇನ್ನೂ ಅವನ ಹತ್ತಿರ ಹೋಗುವುದಿಲ್ಲ. ಅದು ಅವಳ ಹಕ್ಕು. ಅವಳನ್ನೂ ಸಮಾಲೋಚಕಿ ಮೂರು ಸಲ ನೋಡಿದ್ದಾರೆ.

16 ತಿಂಗಳ ಲೆಕ್ಕ: ಎತ್ತರ 150, ತೂಕ 62, ಬಿಎಂಐ 27.6. ಎಚ್‌ಬಿಎ1ಸಿ 5.6. ಅಮ್ಮನ ಹಾಳೆಯಲ್ಲಿ 13, ಟೀಚರದ್ದರಲ್ಲಿ 12. ಚಾರ್ಟ್ ನೋಡಿದರೆ ಇವನು ಈಗಲೂ ಬೊಜ್ಜಿನ ಮಗುವೇ. ನೆಂಟರು ಅಮ್ಮನ ಹತ್ತಿರ "ಅಷ್ಟು ತಿಂಗಳು ಡಾಕ್ಟ್ರಿಗೆ ತೋರಿಸಿ ಎಂತ ಆಯ್ತು?" ಎಂದು ಕೇಳುತ್ತಾರಂತೆ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ. ನಾರು ಮುಟ್ಟಿಸಿಲ್ಲ.

ಕಳೆದ ಸಲ ಬಂದಾಗ ಬ್ಯಾಗ್ ತಂದಿರಲಿಲ್ಲ. ಕಾಪುವಿನಲ್ಲಿ ಹುಲಿವೇಷದವರ ಜೊತೆ ತಾಸೆ ಬಡಿಯಲು ಕಲಿಯುತ್ತಿದ್ದಾನೆ. ಮೇಜಿನ ಅಂಚಿನ ಮೇಲೆ ಬೆರಳಲ್ಲೇ ಬಡಿದು ತೋರಿಸಿದ. ಹೊರಗೆ ಕೂತಿದ್ದ ಮಕ್ಕಳು ಒಳಗೆ ಇಣುಕಿದರು. ಮುಂದಿನ ತಾರೀಖು ಬರೆಯಲು ಕ್ಯಾಲೆಂಡರ್ ತೆಗೆದೆ. ಅಪ್ಪ ಆ ವಾರ ಊರಿಗೆ ಬರುವವರಿದ್ದರು, ಅವರಿಗೆ ಅನುಕೂಲ ಆಗಲಿ ಎಂದು ಭಾನುವಾರ ಬನ್ನಿ ಎಂದೆ.

"ಭಾನುವಾರ ಆಗುದಿಲ್ಲ ಡಾಕ್ಟ್ರೆ," ಎಂದ ಪ್ರಜು. "ಕ್ಲಾಸ್ ಉಂಟು."